ಮೀಸಿ ಹೊತ್ತ ಟಗರು

ಅಂಕದ ಪರದೆಯ ಕೆಲಸ ಹೊಳಬಸಪ್ಪನ ಪಾಲಾಯಿತು ಅನ್ನೋ ಸುದ್ದಿ ಕಿವಿಗೆ ಬಿದ್ದಾಗ ಕೃಷ್ಣಾಜಿ ಮಾಸ್ತರರು ಸಾಲಿಯಲ್ಲಿ ಹುಡುಗರಿಗೆ ತಂಬಿಗಿ ಬರೆಯುವುದನ್ನು ಕಲಿಸುತ್ತಿದ್ದರು. ಹಲಗಿಯ ಮೇಲಿನ ತಂಬಿಗಿ ಸೊಟ್ಟಾಯಿತು. ಬಾಗಲಕೋಟೆಯ ಆ ಸಾಲಿ ಸೇರಿದಾಗಿನಿಂದ ಅವರ ತಂಬಿಗಿ ಸೊಟ್ಟಾದದ್ದು ಅದೇ ಮೊದಲು. ಹುಡುಗರು ಅದನ್ನೂ ನಿಷ್ಠೆಯಿಂದ ಸೊಟ್ಟಗೇ ಬರೆದುಕೊಂಡರು.

ಎಂಥಾ ಪರದೆ ಅದು! ಕುರಿ, ಕಂಬಳಿ ವ್ಯಾಪಾರದಲ್ಲಿ ಮೇಲೆ ಬಂದ ಕೆರೂರಿನ ಬೀರಲಿಂಗಪ್ಪ ಸಾಹುಕಾರ ಬಾಗಲಕೋಟೆಯಲ್ಲಿ ನಾಟಕದ ಥೇಟರ್ ಕಟ್ಟಿಸುತ್ತಿದ್ದ. ರಂಗದ ಮುಂದೆ ಇಳಿಬಿಡುವ ಅಂಕದ ಪರದೆಯ ಅಂಚಿಗೆ ಅದನ್ನು ಬರೆದವನ ಹೆಸರು ಇರಬೇಕು, ಕಟ್ಟಕಡೆಯ ಚಾಪೆಯ ಮೇಲೆ ಕೂತವನೂ ಓದುವಷ್ಟು ದಪ್ಪಕ್ಷರದಲ್ಲಿ ಇರಬೇಕು ಅಂತ ಸಾಹುಕಾರನೇ ಹೇಳಿದ್ದ. ನಾಟಕದ ಕಂಪನಿಗಳು ಬರುತ್ತವೆ, ಹೋಗುತ್ತವೆ. ರಾಜರು ದಿನಾ ಸಾಯುತ್ತಾರೆ. ಪರದೆ ಅಲ್ಲೇ ಇರುತ್ತದೆ, ಹೆಸರೂ ಅಲ್ಲೇ ಇರುತ್ತದೆ. ಮುಂಬಯಿ ಸರಕಾರದ ಚಿತ್ರಕಲೆಯ ಪರೀಕ್ಷೆ ಪಾಸಾಗಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಪಡಸಾಲಿಯಲ್ಲಿ ತೂಗುಹಾಕಿದ್ದ ಮಾಸ್ತರರು ಆ ಹೆಸರು ತಮ್ಮದೇ ಎಂದು ತಿಳಿದಿದ್ದರು. ಕೊಟ್ಟದ್ದು ಯಾರಿಗೆ? ಇಳಕಲ್ಲಿನ ಹೊಳಬಸಪ್ಪಗ! ಒಂದು ಪರೀಕ್ಷೆಯ ಮುಖ ಕಂಡವನಲ್ಲ. ಅವನು ಬರೆದ ಮನುಷ್ಯರಿಗೆಲ್ಲ ಬದನಿಕಾಯಿಯಂಥ ಮೂಗು. ರಾಮನಿಗೂ ಅದೇ, ರಾವಣನ ಹತ್ತು ತಲೆಗೂ ಅದೇ. ಆದರೂ ಊರಮಂದಿ ಅವನಿಗೆ ‘ಆರ್ಟಿಸ್ಟ್’ ಅಂತಾರೆ, ಇವರಿಗೆ ‘ಮಾಸ್ತರ’ ಅಂತಾರೆ. ಹೊಟ್ಟೆ ಉರಿಯದೆ ಇನ್ನೇನಾಗಬೇಕು?

ಆದರೆ ಒಂದು ಸಂದು ಉಳಿದಿತ್ತು. ವೀಳ್ಯ ಇನ್ನೂ ಕೊಟ್ಟಿರಲಿಲ್ಲ. ನಾಟಕದ ಮಂದಿಯಲ್ಲಿ ಬಾಯಿಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲಿ-ಅಡಿಕಿ ಕೈಗೆ ಬಂದಾಗಲೇ ಕೆಲಸ ಕೈಗೆ ಬಂತು ಅಂತ ಅರ್ಥ. ಬರುವ ರವಿವಾರ ಸಾಹುಕಾರ ಹೆಂಡತಿಯನ್ನೂ ಕರೆದುಕೊಂಡು ಬಂದು, ಚಿತ್ರಕಾರರ ಬಳಗದ ಎದುರಿಗೇ ಹೊಳಬಸಪ್ಪನಿಗೆ ವೀಳ್ಯ ಕೊಡುವವನಿದ್ದ.

ಬಳಗ ಅಂದರೆ ನಾಲ್ಕೇ ಜನ. ಸ್ಟೇಶನ್ ರಸ್ತೆಯಲ್ಲಿ ಅಂಗಡಿಗಳ ಬೋರ್ಡು ಬರೆಯುವ ನಬಿಸಾಬ, ಹುಬ್ಬಳ್ಳಿಯ ಮಾಸಿಕಗಳಿಗೆ ಕತೆಯ ಚಿತ್ರ ಕಳಿಸುವ ಕಾಶಪ್ಪ, ಹೊಳಬಸಪ್ಪ, ಮತ್ತು ಮಾಸ್ತರರು. ನಬಿಸಾಬನ ಅಂಗಡಿಯ ಹೊರಗೋಡೆಯ ಮೇಲೆ ಇವರದೊಂದು ‘ಸುದ್ದಿ ಹಲಗಿ’ ಇತ್ತು. ವಾರದ ಸುದ್ದಿಯನ್ನು ಒಬ್ಬೊಬ್ಬರೂ ಒಂದೊಂದು ಚಿತ್ರ ಮಾಡಿ ಅಂಗಡಿಯ ಡಬ್ಬಿಗೆ ಹಾಕುವುದು, ರವಿವಾರ ಮುಂಜಾನೆ ನಬಿಸಾಬ ಡಬ್ಬಿ ತೆರೆದು ಬಂದದ್ದನ್ನು ಬಂದ ಹಾಗೇ ಹಲಗಿಗೆ ಚುಚ್ಚುವುದು. ನಬಿಸಾಬನ ಆಡು ಅಂಟಿನ ಬಟ್ಟಲು ನೆಕ್ಕಿ ಬಾಯಿ ತೆರೆಯಲಾರದೆ ಒದ್ದಾಡಿದ್ದು, ಕಾಶಪ್ಪನ ಕಥಾನಾಯಕಿ ಮಾಸಿಕದಲ್ಲಿ ತಲೆಕೆಳಗಾಗಿ ಅಚ್ಚಾಗಿದ್ದು, ದವಾಖಾನಿಯ ಬೋರ್ಡು ಹೋಗಿ ಖಾನಾವಳಿಯ ಬಾಗಿಲಿಗೆ ಕೂತದ್ದು, ಇಂಥವೇ ಸುದ್ದಿ. ರೇಲ್ವೆ ಹಿಡಿಯಲು ಓಡುವವರೂ ಒಂದು ಗಳಿಗೆ ನಿಂತು, ನೋಡಿ, ನಕ್ಕು ಹೋಗುತ್ತಿದ್ದರು.

ಆ ಹಲಗಿಯ ಮೇಲೆಯೇ ಹೊಳಬಸಪ್ಪನನ್ನು ಮುಗಿಸುವುದೆಂದು ಮಾಸ್ತರರು ನಿಶ್ಚಯಿಸಿದರು. ಹೊಳಬಸಪ್ಪನ ಕೈಯಿಂದಲೇ ಸಾಹುಕಾರನ ಮಾನ ತೆಗೆಸಬೇಕು. ಕೈ ಹೊಳಬಸಪ್ಪನದಾಗಿ ಕಂಡರೆ ಸಾಕು, ಅವನದೇ ಆಗಿರಬೇಕೆಂದೇನೂ ಇಲ್ಲವಲ್ಲ.

ದಡ್ಡರು ಬರೀ ಸಹಿ ಕಲಿತು ಸಿಕ್ಕಿಬೀಳುತ್ತಾರೆ. ಮಾಸ್ತರರು ಮನುಷ್ಯನನ್ನೇ ಕಲಿತರು. ಹೊಳಬಸಪ್ಪ ಎಡಚ, ಅವನ ನೆರಳಿನ ಗೆರೆಗಳು ಎಡದಿಂದ ಬಲಕ್ಕೆ ಇಳಿಯುತ್ತವೆ. ಅವನು ಬರೆದ ಪಾದದ ಹೆಬ್ಬೆರಳು ಮುಳ್ಳು ಚುಚ್ಚಿದವರ ಹಾಗೆ ಮೇಲೆದ್ದಿರುತ್ತದೆ. ಅಂಗಡಿಯ ಮಸಿ ಕೊಳ್ಳುವುದಿಲ್ಲ, ದೀಪದ ಕಾಡಿಗೆಗೆ ಗೋಂದು ಕಲಸಿ ತಾನೇ ಮಾಡಿಕೊಳ್ಳುತ್ತಾನೆ. ಕಾಗದ ಅಂದರೆ ನಾಟಕದ ಹಳದಿ ಹ್ಯಾಂಡ್‌ಬಿಲ್ಲಿನ ಹಿಂಬದಿ. ಕೊನೆಗೆ ಒಂದು ‘ಹೊ’ ಬರೆದು ಅದಕ್ಕೆ ಹಲ್ಲಿಯ ಬಾಲದಂಥ ಬಾಲ ಎಳೆಯುತ್ತಾನೆ. ಮಾಸ್ತರರು ಕಾಡಿಗೆ ಹಿಡಿದರು, ಹ್ಯಾಂಡ್‌ಬಿಲ್ಲು ಹೊಂದಿಸಿದರು, ಬಾಗಿಲು ಹಾಕಿಕೊಂಡು ಎಡಗೈಗೆ ರೂಢಿ ಮಾಡಿಸಿದರು. ತಮ್ಮ ಎಡಗೈಯಲ್ಲಿ ಇಷ್ಟೊಂದು ವಿದ್ಯೆ ಇದೆಯೆಂದು ಅವರಿಗೇ ಗೊತ್ತಿರಲಿಲ್ಲ. ಮುಂಬಯಿಯವರು ಎಡಗೈಗೂ ಪರೀಕ್ಷೆ ಇಟ್ಟಿದ್ದರೆ ಅದಕ್ಕೂ ಒಂದು ಕಟ್ಟು ಹಾಕಿಸಬಹುದಿತ್ತು.

ಕೆಟ್ಟ ಕಾಗದಗಳೆಲ್ಲ ಬಚ್ಚಲ ಒಲಿಗೆ ಹೋದವು.

“ಏನ್ರೀ, ಇತ್ತೀಚಿಗೆ ನೀರು ಇಷ್ಟ್ಯಾಕ ಕಾಯಸ್ತೀರಿ? ಮೈ ಬೊಬ್ಬಿ ಏಳ್ತದ,” ಅಂದಳು ಹೆಂಡತಿ ಜಾನಕಿಬಾಯಿ.

“ಥಂಡಿ ಅದ,” ಅಂದರು ಮಾಸ್ತರರು. ಹೊರಗೆ ಫಾಲ್ಗುಣದ ಬಿಸಿಲಿಗೆ ಕಾಗೆಗಳು ಬಾಯಿ ತೆರೆದುಕೊಂಡು ಕೂತಿದ್ದವು.

ಇನ್ನು ಚಿತ್ರ. ಬೀರಲಿಂಗಪ್ಪ ಸಂತೆಯಲ್ಲಿ ಹುಲಿ. ಮನೆಯಲ್ಲಿ ಮಾತ್ರ ಹೆಂಡತಿ ರಂಗವ್ವ ‘ಹೂಂ’ ಅಂದರೇ ಉಸಿರು ಬಿಡುವವನು ಅಂತ ಕೆರೂರಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ಯಾರಿಗೂ ಅನ್ನುವ ಧೈರ್ಯವಿಲ್ಲ. ಮಾಸ್ತರರ ಚಿತ್ರದಲ್ಲಿ ರಂಗವ್ವ ಹಗ್ಗ ಹಿಡಿದು ಮುಂದೆ ಹೊರಟಿದ್ದಳು. ಹಗ್ಗದ ತುದಿಗೆ ಒಂದು ಟಗರು. ಟಗರಿನ ತಲೆಗೆ ಸಾಹುಕಾರನ ರುಮಾಲು, ಮೋತಿಗೆ ಸಾಹುಕಾರನ ಮೀಸಿ, ಮೂಗು ಬದನಿಕಾಯಿ. ಅಡಿಯಲ್ಲಿ ‘ರಂಗವ್ವನವರ ಹಿಂದೆ ಥೇಟರ್ ಮಾಲಕರು ದಯಮಾಡಿಸುತ್ತಿದ್ದಾರೆ’ ಅಂತ ಬರಹ.

ರಂಗವ್ವನನ್ನು ಮಾಸ್ತರರು ಒಮ್ಮೆಯೂ ಕಂಡಿರಲಿಲ್ಲ. ಅವರ ಬುದ್ಧಿ ಮಿಂಚಿದ್ದೇ ಇಲ್ಲಿ. ಕಾಣದ ಮುಖ ಬರೆಯಲು ಹೋಗಿ ಸಿಕ್ಕಿಬೀಳುವುದೇಕೆ, ಬೆನ್ನು ಬರೆದರಾಯಿತು! ಮುಖಕ್ಕೆ ಗುರುತು ಇರುತ್ತದೆ, ಬೆನ್ನಿಗೇನು ಗುರುತು? ಇಳಕಲ್ ಸೀರಿ, ತಲೆಯ ಮೇಲೆ ಸೆರಗು, ಕೈಯಲ್ಲಿ ಹಗ್ಗ, ಮುಗೀತು. ಟಗರಿನ ಮೀಸಿಗೆ ಒಂದು ಸಂಜೆ ಪೂರಾ ಹಿಡಿಯಿತು. ಬೆನ್ನು ತಾನಾಗಿಯೇ ಬಂತು. ಎಲ್ಲ ಮುಗಿದ ಮೇಲೆ ಅವರು ಚಿತ್ರವನ್ನು ದೂರ ಹಿಡಿದು ನೋಡಿದರು. ಸ್ವತಃ ಹೊಳಬಸಪ್ಪ ಬಂದು ನೋಡಿದರೂ, ‘ಇದನ್ನು ಯಾವಾಗ ಬರೆದೆ?’ ಅಂತ ತಲೆ ಕೆರೆದುಕೊಳ್ಳಬೇಕು, ಹಾಗಿತ್ತು. ಇಷ್ಟು ಒಳ್ಳೆಯ ಚಿತ್ರಕ್ಕೆ ತಮ್ಮ ಹೆಸರು ಹಾಕಲಾಗುವುದಿಲ್ಲವಲ್ಲ ಅಂತ ಅವರಿಗೆ ಖರೇನೇ ಸಂಕಟವಾಯಿತು.

ಶನಿವಾರ ಅರ್ಧದಿನದ ಸಾಲಿ. ನಬಿಸಾಬ ಊಟಕ್ಕೆಂದು ಮನೆಗೆ ಹೋದದ್ದನ್ನು ನೋಡಿಕೊಂಡು ಮಾಸ್ತರರು ಅಂಗಡಿಗೆ ಹೋದರು. ಡಬ್ಬಿಗೆ ಕೀಲಿ ಇಲ್ಲ; ಚಿತ್ರ ಕದಿಯಲು ಯಾರು ಬರುತ್ತಾರೆ ಅಂತ ನಬಿಸಾಬನ ನಂಬಿಕೆ. ಹೊಳಬಸಪ್ಪ ಇಳಕಲ್ಲಿನಿಂದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ್ದ ಚಿತ್ರ ಆಗಲೇ ಒಳಗಿತ್ತು. ಅದನ್ನು ತೆಗೆದು ಚೀಲಕ್ಕೆ ಹಾಕಿಕೊಂಡು, ತಮ್ಮದನ್ನು ಅದರ ಜಾಗದಲ್ಲಿಟ್ಟು, ಮಾಸ್ತರರು ನೆಟ್ಟಗೆ ಸ್ಟೇಶನ್ನಿಗೆ ನಡೆದು ಬಾದಾಮಿಯ ಗಾಡಿ ಹತ್ತಿದರು. ಹತ್ತುವ ಮುಂದೆ ಸ್ಟೇಶನ್ ಮಾಸ್ತರನಿಗೆ, “ಮೇಣಬಸದಿ ಗವಿಗಳ ಚಿತ್ರಾ ತಗೀಲಿಕ್ಕೆ ಹೊಂಟೇನ್ರಿ, ನಾಳೆ ಬರ್ತೇನಿ,” ಅಂತ ಪ್ಲಾಟ್‌ಫಾರ್ಮಿಗೆಲ್ಲ ಕೇಳುವಂತೆ ಹೇಳಿದರು. ಪಾಪ, ಅವನು ‘ಎಲ್ಲಿಗೆ’ ಅಂತ ಕೇಳಿಯೇ ಇರಲಿಲ್ಲ.

ಬಾದಾಮಿಯಲ್ಲಿ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಕೂತು ಹೊಳಬಸಪ್ಪನ ಚಿತ್ರ ಬಿಡಿಸಿ ನೋಡಿದರು. ಅದರಲ್ಲಿ ಅವರೇ ಇದ್ದರು! ಕೋಟು, ಟೊಪ್ಪಿಗಿ, ಕೈಯಲ್ಲಿ ಹಲಗಿಗೆ ಬರೆಯುವ ಖಡು. ಅಡಿಯಲ್ಲಿ ‘ನನ್ನ ಗೆರಿ ತಿದ್ದಿದವರು ನಮ್ಮ ಮಾಸ್ತರರು’ ಅಂತ ಇತ್ತು. ಮೂಗು ಮಾತ್ರ ಬದನಿಕಾಯಿ. “ಚೇಷ್ಟಿ ಮಾಡ್ತಾನ, ಮಗಾ!” ಅಂತ ಅಲ್ಲಿಯವರೆಗೆ ಮನದ ಮೂಲೆಯಲ್ಲೆಲ್ಲೋ ಕೂತಿದ್ದ ಅಳುಕನ್ನೂ ಒದ್ದು ಹೊರಗೆ ಹಾಕಿ, ಚಿತ್ರವನ್ನು ಚೂರುಚೂರು ಮಾಡಿ ನೀರಿಗೆ ಬಿಟ್ಟರು. ಆ ರಾತ್ರಿ ನೆಂಟರ ಮನೆಯಲ್ಲಿ ಎರಡು ರೊಟ್ಟಿ ಹೆಚ್ಚು ಉಂಡು ಸುಖವಾಗಿ ನಿದ್ದೆ ಮಾಡಿದರು.

ರವಿವಾರ ಅವರು ಗಾಡಿ ಇಳಿದು ಬರುವಷ್ಟರಲ್ಲಿ ನಬಿಸಾಬನ ಅಂಗಡಿಯ ಮುಂದೆ ಜನ ನೆರೆದಿದ್ದರು. ಕೆಲವರು ಧೋತರದ ಚುಂಗು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದರು. ಬೀರಲಿಂಗಪ್ಪ ಹಲಗಿಯ ಮುಂದೆ ನಿಂತಿದ್ದ. ಅವನ ಮೀಸಿ ನಡುಗುತ್ತಿತ್ತು. ವೀಳ್ಯದ ತಾಟು ಅವನ ಕೈಯಲ್ಲೇ ಇತ್ತು.

“ಯಪ್ಪಾ, ನಾ ಬರದಿಲ್ರೀ! ನಾ ಕಳಿಸಿದ್ದ ಚಿತ್ರಾನ ಬ್ಯಾರೆ!” ಅನ್ನುತ್ತಿದ್ದ ಹೊಳಬಸಪ್ಪ.

“ಮೂಗು ನಿಂದ ಐತಲ್ಲೋ,” ಅಂದ ನಬಿಸಾಬ, ಭಾಳ ದುಃಖದಿಂದ.

“ಹೌದು, ಮೂಗು ನಂದ ಐತಿ.”

“ಮಸಿ? ಹೆಬ್ಬೆಟ್ಟು? ‘ಹೊ’ದ ಬಾಲಾ?” ಅಂದ ಕಾಶಪ್ಪ.

“ಎಲ್ಲಾ ನಂದ ಐತಿ. ಆದ್ರ ನಾ ಬರದಿಲ್ಲ!” ಅಂತ ಹೊಳಬಸಪ್ಪ ಅಳುವ ಹಂಗಾದ.

ಮಾಸ್ತರರು ನಿಧಾನವಾಗಿ ಮುಂದೆ ಬಂದು, ಚಿತ್ರ ನೋಡಿ, ಕಣ್ಣು ಮುಚ್ಚಿ ತೆರೆದರು. ಇದನ್ನು ಬಾದಾಮಿಯ ನೆಂಟರ ಮನೆಯ ಕನ್ನಡಿಯಲ್ಲಿ ರೂಢಿ ಮಾಡಿಕೊಂಡು ಬಂದಿದ್ದರು. “ಸಾಹುಕಾರ್ರ, ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ಇನ್ನೂ ಹುಡುಗ ಇದ್ದಾನ. ಕೈಯಾಗ ಕಲಾ ಅದ, ಬುದ್ಧಿ ಬರಬೇಕಷ್ಟ.”

“ಕಲಾ ಒಯ್ದು ಬೆಂಕ್ಯಾಗ ಹಾಕ್ರಿ!” ಅಂದ ಬೀರಲಿಂಗಪ್ಪ. “ಮಾಸ್ತರ್ರ, ನೀವು ಮರ್ಯಾದಿ ಇದ್ದ ಮನಶ್ಯಾರು. ನೀವ ಹಿಡೀರಿ ಈ ವೀಳ್ಯಾ.”

ಮಾಸ್ತರರು ಎರಡೂ ಕೈ ಚಾಚಿದರು. ಪರದೆಯ ಅಂಚಿನಲ್ಲಿ ‘ಕೃಷ್ಣಾಜಿ’ ಎಂಬ ದಪ್ಪಕ್ಷರ ಅವರ ಕಣ್ಣಿಗೆ ಆಗಲೇ ಕಾಣುತ್ತಿತ್ತು. ಬಣ್ಣ ಕೆಂಪು, ಸುತ್ತಲೂ ಬಂಗಾರದ ಗೆರೆ.

“ಏ, ತಡೀರಿ ಒಂದೀಟ,” ಅಂತ ಟಾಂಗಾದಿಂದ ಇಳಿದು ಬಂದ ರಂಗವ್ವ ಹಲಗಿಯ ಮುಂದೆ ನಿಂತಳು. ಟಗರನ್ನು ನೋಡಿದಳು, ಗಂಡನನ್ನು ನೋಡಿದಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. “ಟಗರ ಏನೋ ಖರೇನ ಹಿಂಗ ಐತಿ. ಆದ್ರ ಹಗ್ಗಾ ಹಿಡದಾಕಿ ಯಾರಪಾ? ಹಿಂದ ಕಚ್ಚಿ ಸಿಗಿಸ್ಯಾಳ! ನಮ್ಮ ಮಂದ್ಯಾಗ ಯಾವಾಕಿ ಕಚ್ಚಿ ಹಾಕಿ ಸೀರಿ ಉಡ್ತಾಳ? ಹೊಳಬಸಪ್ಪಾ, ನಿಮ್ಮವ್ವ ಉಡ್ತಾಳೇನು?” “ಇಲ್ಲಬೇ ಯವ್ವಾ, ನನಗ ಕಚ್ಚಿ ಬರಿಯಾಕೂ ಬರೂದಿಲ್ಲ,” ಅಂದ ಹೊಳಬಸಪ್ಪ. ನಬಿಸಾಬ ತನ್ನ ಹೆಂಡತಿ ಬಿಬಿಜಾನಳನ್ನು ನೆನೆದು ತಲೆ ಅಲ್ಲಾಡಿಸಿದ, ಕಾಶಪ್ಪನೂ ಅಲ್ಲಾಡಿಸಿದ. ನಾಲ್ವರ ಬಳಗದಲ್ಲಿ ಹೆಂಗಸರು ನಿರಿಗೆಯನ್ನು ಕಾಲ ನಡುವೆ ಹಾಯಿಸಿ ಹಿಂದಕ್ಕೆ ಸಿಗಿಸುವ ಮನೆ ಒಂದೇ ಒಂದಿತ್ತು. ಆ ಮನೆಯ ಯಜಮಾನರು ಹುಟ್ಟಿದಾಗಿನಿಂದ ಅಕ್ಕರೆಯಿಂದ ನೋಡಿದ ಬೆನ್ನುಗಳೆಲ್ಲ ಅಂಥವೇ. ಒಬ್ಬೊಬ್ಬರಾಗಿ ಎಲ್ಲರೂ ಅವರ ಕಡೆ ತಿರುಗಿದರು. ಆಗಲಾದರೂ ಬಾಯಿ ಮುಚ್ಚಿಕೊಂಡಿದ್ದರೆ ಉಳಿಯುತ್ತಿದ್ದರೋ ಏನೋ; ಆದರೆ ಚಿತ್ರದಲ್ಲಿ ತಪ್ಪಿದೆ ಅಂದರೆ ಸುಮ್ಮನಿರುವ ಜೀವವೇ ಅದು? “ತಪ್ಪು ಎಲ್ಲ್ಯದ? ಹಿಂದಿನಿಂದ ನೋಡಿದರ ಸೀರಿ ಹಂಗೇ ಕಾಣತದ,” ಅಂದುಬಿಟ್ಟರು ಕೃಷ್ಣಾಜಿ ಮಾಸ್ತರರು.