ಅಕ್ಕನ ಮದುವೆಯ ರಜಾ ಪತ್ರ

ಹತ್ತನೇ ತರಗತಿಯ ಇಂಗ್ಲಿಷ್ ಎಂದರೆ ಯೋಗಾನಂದನಿಗೆ ಅಸಹ್ಯ. ಎಂ.ಎ. ಮುಗಿಸಿ, ತನ್ನೂರು ಕೂಟಗಲ್‌ನ ಮನೆ ಜಗಲಿಯಲ್ಲಿ ಅದನ್ನೇ ಹೇಳಿಕೊಡುತ್ತ ಕೂತ ತನ್ನ ಮೇಲೂ ಅಷ್ಟೇ ಅಸಹ್ಯ.

ಅನು ಭಾನುವಾರ ಮಾತ್ರ ಪಕ್ಕದ ಹಳ್ಳಿಯಿಂದ ಪಾಠಕ್ಕೆ ಬರುತ್ತಿದ್ದಳು. ಇಪ್ಪತ್ತನಾಲ್ಕು ವರ್ಷ, ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದೇ ಉಳಿದಿತ್ತು. ಪಾಸಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ.

ಕೈಯಲ್ಲಿ ಹದಿನಾರು ಪುಟದ ಜೆರಾಕ್ಸ್, ಪಾಸಾಗುವಷ್ಟನ್ನೇ ಉರುಹೊಡೆಯುವ ‘ಪಾಸಿಂಗ್ ಪ್ಯಾಕೇಜ್’. ಅಕ್ಕನ ಮದುವೆಗೆ ಮೂರು ದಿನ ರಜೆ ಕೇಳುವ ಪತ್ರವನ್ನು ಅವಳು ಕಣ್ಣು ಮುಚ್ಚಿ ಒಂದೇ ಉಸಿರಿಗೆ ಒಪ್ಪಿಸಿದಳು. ರೆಪ್ಪೆ ಮಾತ್ರ ನಡುಗುತ್ತಿತ್ತು. ಅವನು ಅದನ್ನು ನೋಡಿದ. ನೋಡಿದ್ದಕ್ಕೆ ಸಿಟ್ಟು ಬಂತು.

“ನಿಮಗೆ ಅಕ್ಕ ಇದಾರಾ?”

“ಇಲ್ಲ ಸಾರ್.”

“ಮತ್ತೆ ಯಾರ ಮದುವೆ? ರಾಜ್ಯದ ಅಕ್ಕಂದಿರಿಗೆಲ್ಲ ಒಂದೇ ಮುಹೂರ್ತನಾ? ಇದು ಭಾಷೆಯಲ್ಲ, ಗಿಳಿಪಾಠ.” ಜೆರಾಕ್ಸ್ ಕಿತ್ತುಕೊಂಡ. “ನಿಮ್ಮದೇ ಒಂದು ವಾಕ್ಯ ಬರೀರಿ. ಒಂದೇ ಒಂದು.”

ಅನು ಪೆನ್ನಿನ ಮುಚ್ಚಳ ಹಾಕಿದಳು. “ಸಾರ್, ನೀವು ಯಾವತ್ತಾದ್ರೂ ಫೇಲಾಗಿದೀರಾ?”

ಅವನು ಜೆರಾಕ್ಸಿನ ಪುಟ ತಿರುವಿದ.

“ನಾನ್ ಮೂರ್ ಸಲ ಆಗಿವ್ನಿ. ಪರೀಕ್ಷೆಗೆ ಇನ್ ಒಂಬತ್ತೇ ದಿನ ಐತೆ. ನಿಮ್ ಸಿಟ್ಗೆ ನನ್ ಕೆಲ್ಸ ಹೋಗ್ಬೇಕಾ? ಕೊಡಿ ಇಲ್ಲಿ.”

ಕೊಟ್ಟ. ಅವಳು ತಿರುಗಿಯೂ ನೋಡದೆ ಹೋದಳು. ಜಗಲಿಯ ಮೌನ ಆಮೇಲೆ ಮೊದಲಿನಂತೆ ಹಿತವಾಗಲಿಲ್ಲ. ಪಾಠಕ್ಕೆ ಬರುವ ಮಕ್ಕಳು ಅದೇ ಪತ್ರ ಒಪ್ಪಿಸುವಾಗಲೂ ಅವನಿಗೆ ಅವಳ ದನಿಯೇ ಕೇಳುತ್ತಿತ್ತು.

ಪರೀಕ್ಷೆಯ ದಿನ, ಅವಳ ಪರೀಕ್ಷಾ ಕೇಂದ್ರವಾದ ರಾಮನಗರದ ಶಾಲೆಯ ಗೇಟಿನೆದುರು ಕಾದು ನಿಂತ. ಬೇರೆ ಯಾರಾದರೂ ಹೀಗೆ ನಿಂತಿದ್ದರೆ ಹೀಯಾಳಿಸುತ್ತಿದ್ದ. ಅನು ಹೊರಬಂದವಳು ಅವನನ್ನು ಕಂಡೂ ಕಾಣದಂತೆ ಹಾಲ್‌ಟಿಕೆಟ್ ಮಡಚಿದಳು.

“ತಪ್ಪಾಯ್ತು ಅನು. ಹೇಗೆ ಬರೆದ್ರಿ?”

“ಪಾಸಾಗೋಷ್ಟು. ಗಿಳಿಪಾಠನೇ ಕಾಪಾಡ್ತು.”

“ಪತ್ರ?”

“ರಜಾ ಪತ್ರನೇ ಬಂದಿತ್ತು.” ಮೊದಲ ಸಲ ಅವಳ ನೋಟ ಅವನ ಮುಖದ ಮೇಲೆ ನಿಂತಿತು. “ಅಕ್ಕನ್ ಮದ್ವೆ ಅಂತ ಬರೀಲಿಲ್ಲ. ನನ್ ಮದ್ವೆ ಅಂತ ಬರ್ದೆ. ಆ ಒಂದ್ ವಾಕ್ಯ ನಂದೇ.”

“ಎಲ್ಲಿ ಮದುವೆ?”

“ನಮ್ ಜನದಲ್ಲಿ ಗಂಡಿನ್ ಊರಲ್ಲೇ ಮಾಡೋದು. ಕೂಟಗಲ್ ಅಂತ ಬರ್ದಿವ್ನಿ.”

“ಗಂಡು ಯಾರು?”

ಅವಳ ತುಟಿಯಂಚಿನಲ್ಲಿ ತಿರಸ್ಕಾರ ಮೂಡಿತು. ಅಷ್ಟು ಚೆಂದದ ತಿರಸ್ಕಾರವನ್ನು ಅವನು ಕಂಡಿರಲಿಲ್ಲ.

“ಎಂ.ಎ. ಓದಿದೀರಲ್ಲ ಸಾರ್. ಅದನ್ನೂ ನಾನೇ ಹೇಳ್ಕೊಡ್ಬೇಕಾ?”

ಬಸ್ ಸ್ಟ್ಯಾಂಡಿಗೆ ಹೊರಟ ಅವಳ ಪಕ್ಕದಲ್ಲಿ ಅವನೂ ಹೆಜ್ಜೆ ಹಾಕಿದ.