ಮೆಟ್ಟಿಲಂಚಿನ ಬಿಳಿ ಸುರುಳಿ

ಇಪ್ಪತ್ತು ವರ್ಷಗಳಿಂದ ಎಫಿ ಗಿಲ್ಫಿಲನ್ ಬಿಡಿಸಿದ ಒಗಟುಗಳನ್ನೆಲ್ಲ ಬೀದಿಗೆ ಹೇಳಿಕೊಂಡು ಬಂದವಳು ನಾನೇ, ಅದೇ ಕಟ್ಟಡದ ಐಸಾ. ಇದೊಂದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ನೆಲಮಹಡಿಯ ಎಫಿಯವರ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಮೇಲಿನ ಮಹಡಿಯ ಮೊರಾಗ್ ಮಕಾಸ್ಕಿಲ್ ಬಾಗಿಲಿಗೆ ಬಂದು ನಿಂತಳು. ಎಂಟು ತಿಂಗಳ ಹಿಂದೆ ಇಬ್ಬರು ಹೆಣ್ಣುಮಕ್ಕಳೊಂದಿಗೆ ಸ್ಕೈ ದ್ವೀಪದಿಂದ ಗ್ಲಾಸ್ಗೋಗೆ ಬಂದ ವಿಧವೆ.

"ಸೋಮವಾರದೊಳಗೆ ಮನೆ ಖಾಲಿ ಮಾಡ್ಬೇಕಂತೆ. ಒಂದು ವಾರ ಜಾಸ್ತಿ ಕೊಡ್ಸಿ ಮಿಸ್ ಗಿಲ್ಫಿಲನ್, ಅಷ್ಟು ಸಾಕು. ಕಿಟಕಿ ಯಾರು ಒಡೆದ್ರು ಅಂತ ಹುಡುಕೋದೆಲ್ಲ ಬೇಡ." ಹೇಳುತ್ತಾ ನನ್ನತ್ತ ನೋಡಿ ಕಣ್ಣು ತಗ್ಗಿಸಿದಳು.

"ಹುಡುಕ್ಬೇಡಿ ಅಂದ್ರೆ ನನಗೆ ನಿದ್ದೆ ಬರಲ್ಲ ಕಣಮ್ಮ," ಎಂದರು ಎಫಿ.

ಕೆಂಪು ಮರಳುಗಲ್ಲಿನ ನಮ್ಮ ಮಹಡಿಮನೆಗಳಿಗೆ ಎಲ್ಲರೂ ಹಂಚಿಕೊಂಡ ಮೆಟ್ಟಿಲೇ ಹೆಮ್ಮೆ. ಭುಜದೆತ್ತರಕ್ಕೆ ಹಸಿರು ಟೈಲ್ಸು, ತಿರುವು ತಿರುವಿನ ಕಿಟಕಿಯಲ್ಲೂ ಬಣ್ಣದ ಗಾಜಿನ ಹಕ್ಕಿ. ಅಲ್ಲಿ ಕಲ್ಲು ಕಡಿದವರಲ್ಲಿ ಎಫಿಯ ಅಪ್ಪನೂ ಒಬ್ಬ. ನನ್ನ ಮನೆಗೂ ಮೇಲಿನ ಜೀನ್ ಟೆನೆಂಟಳ ಮನೆಗೂ ನಡುವೆ ಇದ್ದ ಕೆಂಪೆದೆಯ ಹಕ್ಕಿ ಶುಕ್ರವಾರ ಚೂರಾಗಿತ್ತು. ಮೆಟ್ಟಿಲು ತೊಳೆಯುವ ಸರದಿಯ ಚೀಟಿ ಆ ವಾರ ಮೊರಾಗಳ ಬಾಗಿಲಿಗೆ ನೇತಾಡುತ್ತಿತ್ತು. ಅವಳನ್ನು ಹೊರಹಾಕಲು ಮಾಲೀಕರಿಗೆ ಅಷ್ಟೇ ಸಾಕಾಯಿತು.

ಎಫಿ ಹಿತ್ತಲಿಗೆ ಹೋದರು, ಎಂದಿನಂತೆ ಅವರ ಹಿಂದೆ ನಾನು. ಗಾಜಿನ ಚೂರೆಲ್ಲ ಹೊರಗೇ ಬಿದ್ದಿತ್ತು. ಆಮೇಲೆ ಒಡೆದ ಕಿಟಕಿಯ ತಿರುವಿನಲ್ಲಿ ಕಷ್ಟಪಟ್ಟು ಮಂಡಿಯೂರಿದರು. ತೊಳೆದ ಮೇಲೆ ಮೆಟ್ಟಿಲಂಚಿಗೆ ಬಿಳಿ ಜೇಡಿಮಣ್ಣಿನ ಗೆರೆ ಎಳೆಯುವುದು ನಮ್ಮ ರೂಢಿ. ಉಳಿದೆಲ್ಲ ಮೆಟ್ಟಿಲಲ್ಲಿ ಗೆರೆ ನೇರವಾಗಿತ್ತು, ತಿರುವಿನ ಮೂರರಲ್ಲಿ ಸುರುಳಿಯಾಗಿತ್ತು. ಬಿಳಿಯಲ್ಲಿ ಕೆಂಪು ಗಾಜಿನ ಪುಡಿ ಅಂಟಿತ್ತು. ಎಫಿ ಉಗುರಿನಿಂದ ಕೆರೆದು ನೋಡಿದರು. ಅವರನ್ನು ಎಬ್ಬಿಸಲು ನಾನು ಅಪ್ರನ್ ಜೇಬಿನಿಂದ ಕೈ ತೆಗೆಯಲೇಬೇಕಾಯಿತು.

ಮೂರು ಗಂಟೆಗೆ ಎಲ್ಲರೂ ಅದೇ ತಿರುವಿನಲ್ಲಿ ಸೇರಿದೆವು. ಮಾಲೀಕರ ಗುಮಾಸ್ತ ಕ್ಲೆಲಂಡ್ ಟೋಪಿ ಹಿಡಿದು ನಿಂತಿದ್ದ.

"ದನದ ಜೊತೆ ಮಲಗಿದ ದ್ವೀಪದವರಿಗೆ ಇಂಥ ಮೆಟ್ಟಿಲು ಯಾಕ್ರೀ?" ಎಂದಳು ಜೀನ್.

"ನಿಮ್ಮಜ್ಜಿ ಹಿತ್ತಲಲ್ಲಿ ಹಂದಿ ಸಾಕ್ತಿದ್ದಿದ್ದು ನನಗೆ ನೆನಪಿದೆ ಜೀನ್," ಎಂದ ಎಫಿ ಕಿಟಕಿಯ ಕಡೆ ಕೈ ತೋರಿಸಿದರು. "ಗಾಜು ಹೊರಗೆ ಬಿದ್ದಿದೆ, ಅಂದ್ರೆ ಪೆಟ್ಟು ಒಳಗಿಂದ. ಈ ಕಿಟಕಿ ಮೊಣಕಾಲೆತ್ತರದಿಂದ್ಲೇ ಶುರು. ಪಾದಕ್ಕೆ ಬೆಳಕು ಬೀಳ್ಲಿ ಅಂತ ಹಾಗೆ ಕಟ್ಟಿದ್ರು. ಮಂಡಿಯೂರಿದವರು ಏಳ್ತಾ ಬಕೆಟ್ ತಗಲಿಸಿದ್ರೆ ಹಕ್ಕಿಗೇ ಏಟು. ಪುಡಿ ಬಿಳಿಯೊಳಗೆ ಕೂತಿದೆ, ಅಂದ್ರೆ ಬಿಳಿ ಇನ್ನೂ ಹಸಿ ಇದ್ದಾಗ್ಲೇ ಒಡೆದಿದೆ."

"ನಾನು ಹೇಳಿದ್ದೂ ಅದೇ! ತೊಳೆದವಳೇ ಒಡೆದಿದ್ದು," ಎಂದಳು ಜೀನ್.

"ಪೂರ್ತಿ ಕೇಳೇ. ಸುರುಳಿ ಕೆರೆದ್ರೆ ಅಡಿಯಲ್ಲಿ ನೇರ ಗೆರೆ ಇದೆ. ಅದರಲ್ಲಿ ಪುಡಿ ಇಲ್ಲ. ಮೊರಾಗ್ ತನ್ನ ಗೆರೆ ಎಳೆದು ಬಟ್ಟೆ ಒಗೆಯೋಕೆ ಹೋದ್ಮೇಲೆ, ಅದು ಒಣಗಿದ್ಮೇಲೆ, ಯಾರೋ ಬಂದು ಮೇಲೆ ತಿದ್ದಿದ್ದಾರೆ. ಇಲ್ಲಿ ಸುರುಳಿ ಎಳೆಯೋರು ಮೂವರೇ, ಜೀನ್, ಐಸಾ, ನಾನು. ಇದು ಬಲದಿಂದ ಎಡಕ್ಕೆ ಹೋಗಿದೆ. ಎಳೀರಿ ನೋಡೋಣ."

ಎಫಿ ಎಡದಿಂದ ಎಳೆದರು. ಜೀನ್ ಎಡದಿಂದ ಎಳೆದಳು. ಜೇಡಿಯ ಉಂಡೆ ನನ್ನ ಕೈಗೆ ಬಂತು. ಎಡದಿಂದ ಎಳೆಯುವುದೇನು ಮಹಾ ಕಷ್ಟವಲ್ಲ.

"ಬಿಟ್ಬಿಡಿ ಮಿಸ್ ಗಿಲ್ಫಿಲನ್," ಎಂದಳು ಮೊರಾಗ್. "ನನ್ನ ಕೆಲಸಾನ ಯಾರೋ ಪ್ರೀತಿಯಿಂದ ಚಂದ ಮಾಡಿಕೊಟ್ಟಿದ್ದಾರೆ. ಎಂಟು ತಿಂಗಳಲ್ಲಿ ಇಲ್ಲಿ ನನಗಾದ ಮೊದಲ್ನೇ ಉಪಕಾರ ಅದು. ಅವರನ್ನೇ ಹಿಡಿದುಕೊಡ್ಲಾ?"

ನಾನು ಬಲದಿಂದ ಎಳೆದೆ.

"ಉಪಕಾರ ಅಲ್ಲ ಮೊರಾಗ್. ನಿನ್ನ ಬೋಳು ಗೆರೆ ನೋಡಿ ಪಕ್ಕದ ಕಟ್ಟಡದವರು ನಗ್ತಿದ್ರು. ನನಗೆ ಮರ್ಯಾದೆ ಹೋದಂಗಾಗ್ತಿತ್ತು. ಹಕ್ಕಿ ಒಡೆದಿದ್ದೂ ನಾನೇ, ಬಾಯಿ ಮುಚ್ಕೊಂಡಿದ್ದೂ ನಾನೇ."

ಕ್ಲೆಲಂಡ್ ಮೊರಾಗಳಿಗೆ ಕೊಟ್ಟಿದ್ದ ಮನೆ ಬಿಡುವ ನೋಟಿಸನ್ನು ಹರಿದು ಜೇಬಿಗೆ ಹಾಕಿಕೊಂಡ. ಎಲ್ಲರೂ ಹೋದ ಮೇಲೆ ಎಫಿ ಮೆಲ್ಲಗೆ ಹೇಳಿದರು: "ಬೆಳಿಗ್ಗೆ ಇಲ್ಲಿ ನನ್ನನ್ನ ಕೈಹಿಡಿದು ಮೇಲೆತ್ತಿದಾಗ್ಲೇ ನಿನ್ನ ಉಗುರಲ್ಲಿ ಒಣಗಿದ ಬಿಳಿ ಕಂಡಿತ್ತು ಐಸಾ. ನೀನಾಗೇ ಹೇಳ್ತೀಯೇನೋ ಅಂತ ಮೂರು ಗಂಟೆವರೆಗೆ ಕಾದೆ."

ಹಕ್ಕಿಯ ಜಾಗಕ್ಕೆ ಬರೀ ಗಾಜು ಬಂತು. ಈಗ ಅಲ್ಲಿ ಬೆಳಕು ಹೆಚ್ಚು. ಮುಂದಿನ ಸರದಿಯಲ್ಲಿ ಮೊರಾಗ್ ಕೆಳಗಿನಿಂದ ಮೇಲಿನವರೆಗೂ ಸುರುಳಿಯನ್ನೇ ಎಳೆದಿದ್ದಳು, ಬಲದಿಂದ ಎಡಕ್ಕೆ, ಥೇಟ್ ನನ್ನ ಹಾಗೆ. ಆ ಬಿಳಿಗೆ ಕಾಲು ತಗಲದಂತೆ ನಾನು ಗೋಡೆ ಹಿಡಿದು ಇಳಿಯುತ್ತೇನೆ.