ಬೇಡ ಅಂದದ್ದು ಫ್ರೀಟೌನ್ ಅಲ್ಲ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಗಜೇಂದ್ರಗಡ ಪೊಲೀಸ್ ಠಾಣೆಗೆ ಬಂದ ನಾಹೀದ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಚೀಲದಿಂದ ಒಂದು ಹಾಳೆ ತೆಗೆದು ಪಿಎಸ್ಐ ಪೂಜಾ ಅಸೂಟಿಯವರ ಮೇಜಿನ ಮೇಲಿಟ್ಟಳು.

"ನನ್ನ ಇ-ಮೇಲಿಗೆ ಬಂದ ಈ ಪತ್ರ ಖೊಟ್ಟಿ ಐತ್ರಿ ಮೇಡಂ. ಮಾಡಿದವರನ್ನ ಹುಡುಕಿ ಕೊಡ್ರಿ."

ಪೂಜಾ ಓದಿದರು. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ದೇಶಕ್ಕೆ ಹೋಗಲು ನಾಹೀದ ಹಾಕಿದ್ದ ಇ-ವೀಸಾ ಅರ್ಜಿಯನ್ನು ತಿರಸ್ಕರಿಸಲಾಗಿದೆ ಎಂದು ಇಂಗ್ಲಿಷಿನಲ್ಲಿತ್ತು. ಕಾರಣ: ಒಂಟಿ ಹೆಂಗಸು, ಮನೆಯ ಗಂಡಸರ ಒಪ್ಪಿಗೆ ಪತ್ರ ಲಗತ್ತಿಸಿಲ್ಲ.

ಖೊಟ್ಟಿ ವೀಸಾದ ದೂರು ಪೂಜಾ ಅವರಿಗೆ ಹೊಸದಲ್ಲ. ಅಂಥ ಕೇಸಿನಲ್ಲಿ ವೀಸಾ ಕೊಟ್ಟವನು ಊರು ಬಿಟ್ಟಿರುತ್ತಾನೆ, ತೆಗೆದುಕೊಂಡವನು ಠಾಣೆಯಲ್ಲಿ ಅಳುತ್ತಿರುತ್ತಾನೆ. ಖೊಟ್ಟಿ ನಿರಾಕರಣೆಯನ್ನು ಅವರು ನೋಡಿದ್ದು ಇದೇ ಮೊದಲು. ವೀಸಾ ಸಿಗಲಿಲ್ಲ ಎಂದು ಸುಳ್ಳು ಹೇಳಿ ಯಾರಿಗೇನು ಲಾಭ?

"ಅಲ್ಲಿಗ್ಯಾಕ ಹೊಂಟೀರಿ?"

"ಹಳೇ ಸೀರಿ ಕೂಡಿಸಿ ಕೌದಿ ಹೊಲಿಯೋದು ಕಲಸಾಕ್ರಿ. ಅಲ್ಲಿ ರಾಜಧಾನಿ ಫ್ರೀಟೌನ್‌ನ್ಯಾಗ ಹೆಣ್ಮಕ್ಕಳ ಸಂಘ ಐತಿ. ವರ್ಷಾತು, ಫೋನಿನ್ಯಾಗ ಕಲಸಾಕತ್ತೇನಿ. ಈಗ ಬಾ ಅಂತ ಕರದಾರ. ಶುಕ್ರವಾರ ಮುಂಬೈಲಿಂದ ವಿಮಾನ."

"ಟಿಕೆಟ್ ರದ್ದು ಮಾಡಿಸಿಲ್ಲೇನು?"

"ಯಾಕ ಮಾಡಸ್ಲಿರಿ? ಆ ದೇಶ ನನಗ ಬ್ಯಾಡ ಅಂದಿಲ್ಲ. ಸಂಘದ ಮರಿಯಾಮಾಗ ಈ ಹಾಳಿ ಕಳಿಸಿದ್ನಿ. ಗಂಡಸರ ಒಪ್ಪಿಗಿ ಅನ್ನೋದು ಓದಿ ಆಕಿ ಬಿದ್ದು ಬಿದ್ದು ನಕ್ಕಳು."

ಹೆಡ್ ಕಾನ್‌ಸ್ಟೆಬಲ್ ಮೋದಿನಸಾಬ ಠಾಣೆಯ ಕಂಪ್ಯೂಟರಿನಲ್ಲಿ ಆ ದೇಶದ ವೀಸಾ ಜಾಲತಾಣ ತೆರೆದರು. ನಾಹೀದ ಹೇಳಿದ ಅರ್ಜಿ ಸಂಖ್ಯೆ, ಪಾಸ್‌ಪೋರ್ಟ್ ಸಂಖ್ಯೆ ಒತ್ತಿದರು. ಪರದೆ ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಕೊನೆಗೆ ಒಂದೇ ಸಾಲು ತೋರಿಸಿತು. ವೀಸಾ ಹಿಂದಿನ ವಾರವೇ ಮಂಜೂರಾಗಿತ್ತು.

ಆಗ ನಾಹೀದ ಕೂತಳು. ಸಿಟ್ಟಿಗೆ ಅವಳ ಕಣ್ಣುಗಳು ಒದ್ದೆಯಾಗಿದ್ದವು.

"ಪ್ರಿಂಟ್ ತಗೊಂಡು ಆರಾಮ ಹೋಗಿ ಬರ್ರಿ," ಎಂದರು ಪೂಜಾ. "ಕೇಸ್ ಬೇಕ ಬೇಕೇನು?"

"ಬೇಕ್ರಿ. ಒಂದ್ ದೇಶದ ಹೆಸರು ಹೇಳಿ ನನಗ ಬ್ಯಾಡ ಅಂದಾರ. ಯಾರಂತ ಗೊತ್ತಾಗಬೇಕು."

ನಕಲಿ ದಾಖಲೆ ಸೃಷ್ಟಿ ಮತ್ತು ಐಟಿ ಕಾಯ್ದೆಯ ಕಲಮುಗಳಡಿ ಮಧ್ಯಾಹ್ನ ಹನ್ನೆರಡಕ್ಕೆ ಎಫ್ಐಆರ್ ದಾಖಲಾಯಿತು.

ಮೊದಲು ಕರೆಸಿದ್ದು ಸಿದ್ದಾರೂಢನನ್ನು. ಬಸ್ ನಿಲ್ದಾಣದೆದುರು ಆನ್‌ಲೈನ್ ಸೆಂಟರ್ ಇಟ್ಟಿರುವ ಅವನೇ ನಾಹೀದಳ ಅರ್ಜಿ ತುಂಬಿದ್ದ. ಠಾಣೆಯ ಮೆಟ್ಟಿಲೇರುವುದರೊಳಗೇ ಅವನ ಅಂಗಿ ಬೆವರಿನಲ್ಲಿ ನೆನೆದಿತ್ತು.

"ಆಕೀ ಇ-ಮೇಲ್ ನೀ ತಗೀತಿದ್ದೇನು?" ಪೂಜಾ ಕೇಳಿದರು.

"ಆಕೀನ ತಗದಾಳ್ರಿ. ಪಾಸ್‌ವರ್ಡ್ ಹೊಡಿಯೋ ಮುಂದ ನಾ ಮಾರಿ ಆ ಕಡೆ ಮಾಡಿದ್ನಿ."

"ಈ ಪತ್ರ ಮಾಡಿದ್ದು?"

"ಖರೇ ಹೇಳ್ತೀನ್ರಿ, ನಾ ಅಲ್ಲ. ನಾ ಏನ್ ಬರದ್ರೂ ಮ್ಯಾಲ ಶ್ರೀ ಹಾಕಾವ. ಕಿರಾಣಿ ಚೀಟಿಗೂ ಹಾಕ್ತೀನ್ರಿ."

ಮೋದಿನಸಾಬ ನಕ್ಕರು. ನಕ್ಕವರು ಹಾಗೇ ಪತ್ರದ ಮೇಲ್ಭಾಗ ನೋಡಿ ಹಾಳೆಯನ್ನು ಬೆಳಕಿಗೆ ಹಿಡಿದರು. ಎಡಮೂಲೆಯಲ್ಲಿ, ಎರಡು ಪುಟ್ಟ ಹೂವುಗಳ ನಡುವೆ, ಇರುವೆಯಷ್ಟು ಸಣ್ಣದಾಗಿ 786 ಎಂದಿತ್ತು. ದೇವರ ಹೆಸರಿಗೆ ಬದಲಾಗಿ ಬರೆಯುವ ಆ ಅಂಕಿಯನ್ನು ಅವರು ಲಗ್ನಪತ್ರಿಕೆಯ ಮೇಲೆ, ಟೆಂಪೋ ಗಾಜಿನ ಮೇಲೆ ದಿನವೂ ನೋಡುತ್ತಾರೆ. ಕಣ್ಣಿಗೆ ಎಷ್ಟು ರೂಢಿಯಾಗಿತ್ತೆಂದರೆ, ಬೆಳಿಗ್ಗೆ ಕಂಡೂ ಕಂಡಿರಲಿಲ್ಲ.

"ಅಲ್ಲೂ ಮುಸಲ್ಮಾನ ಮಂದಿ ಭಾಳ ಅದಾರಂತಲ್ರಿ," ಎಂದರು ಪೂಜಾ. "ಅವರೂ ಹಾಕಿರಬಹುದಲ್ಲ?"

ಕೇಳಿಬಿಡುವುದು ಲೇಸೆಂದು ನಾಹೀದಳಿಂದ ಫ್ರೀಟೌನಿಗೆ ಕರೆ ಮಾಡಿಸಿದರು. ಐದು ಹೊತ್ತು ನಮಾಜು ತಪ್ಪಿಸದ ಮರಿಯಾಮಾ ಅಂಕಿಯನ್ನು ಎರಡೆರಡು ಸಲ ಕೇಳಿಸಿಕೊಂಡು, ಅದೇನು, ಯಾವುದಾದರೂ ಕೋಣೆಯ ನಂಬರಾ ಎಂದಳು.

"ನಮ್ಮ ಕಡ್ಯಾವನ ಮಾಡ್ಯಾನ್ರಿ," ಎಂದರು ಮೋದಿನಸಾಬ. ಅವರಿಗೆ ನಿಜಕ್ಕೂ ನೋವಾಗಿತ್ತು. "ದೇವರ ಹೆಸರು ಹಚ್ಚಿ ಸುಳ್ಳು ಬರಿಯಾಕ ಸುರು ಮಾಡ್ಯಾನಲ್ರಿ, ಏನ್ ಮನಷಾ ಇರಬೇಕು!"

ನಾಹೀದ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಈ ಹೂವು ನನಗ ಗೊತ್ತದಾವ್ರಿ."

"ಯಾರವು?"

ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು, ಹೊರಗೆ ಹೋಗಿಬಿಡಬಹುದಿತ್ತು ಎಂಬಂತೆ. "ನಮ್ಮ ಅಣ್ಣ ಖಾದರನವು. ಫ್ಲೆಕ್ಸ್, ಲಗ್ನಪತ್ರಿಕಿ ಮಾಡೋ ಅಂಗಡಿ ಐತಿ. ನನಗ ಇ-ಮೇಲ್ ಖಾತೆ ಮಾಡಿ ಕೊಟ್ಟಾವನೂ ಅವನ, ಅವನ ಫೋನಿನ್ಯಾಗ. ಈಗೂ ಅಲ್ಲಿ ಕಾಣಸ್ತೈತಿ. ಬರಕೋರ್ರಿ."

ಸುದ್ದಿಗೆ ಕಾಲು ಬೇಕೆ? ಸಂಜೆ ತಾಯಿ ಮುಮತಾಜಬಿ ಠಾಣೆಗೆ ಬಂದಳು. ಮಗಳ ಕೈ ಹಿಡಿದು, "ಮನಿ ಮಾತು ಮನ್ಯಾಗ ಇರಲಿ ಬೇಟಿ," ಎಂದಳು. "ವೀಸಾ ಸಿಕ್ಕತಲ್ಲ. ಅವನ ಹೆಸರ್ಯಾಕ ಕೆಡಸ್ತಿ?"

"ನನ್ನ ಹೆಸರಿಲೇ ಅವನು ಏನೇನು ಬರದಾನ ಓದಿಸಿ ಕೇಳು ಅಮ್ಮಾ. ಮನ್ಯಾಗ ಇಟ್ಟು ಇಟ್ಟು ಸಾಕಾಗೈತಿ."

"ಊರ ಮಂದಿ ಏನಂದಾರು?"

"ಅಣ್ಣ ತಪ್ಪು ಮಾಡಿದ, ತಂಗಿ ಹಿಡದು ಕೊಟ್ಟಳು ಅಂದಾರು. ಅನ್ಲಿ."

ಮಂಗಳವಾರ ಬೆಳಿಗ್ಗೆ ಇಬ್ಬರು ಪಂಚರ ಸಮಕ್ಷಮ ಖಾದರನ ಅಂಗಡಿಯ ಪಂಚನಾಮೆ ನಡೆಯಿತು. ಅವನು ಎದ್ದು ನಿಂತು ಚಹಾ ತರಿಸಲೇ ಎಂದ. ಮೋದಿನಸಾಬ ಬೇಡ ಎಂದರು.

"ತಂಗೀ ವೀಸಾ ಬಂದಿದ್ದು ನಿನಗ ಗೊತ್ತಿತ್ತೇನು?" ಪೂಜಾ ಕೇಳಿದರು.

"ಇಲ್ರಿ."

"ಫೋನ್ ಕೊಡು."

ಅಳಿಸಿದ ಮೇಲ್‌ಗಳ ಡಬ್ಬಿಯಲ್ಲಿ ಮಂಜೂರಾತಿ ಪತ್ರ ಇನ್ನೂ ಕೂತಿತ್ತು. ಕಂಪ್ಯೂಟರಿನಲ್ಲಿ ನಿರಾಕರಣೆಯ ಪತ್ರ ಮಾತ್ರ ಸಿಗಲಿಲ್ಲ. ಬದಲಿಗೆ ಅರ್ಧ ಮಾಡಿಟ್ಟ ಒಂದು ಬ್ಯಾನರ್ ಸಿಕ್ಕಿತು: ನಾಹೀದಳ ಫೋಟೊ, ಪಕ್ಕದಲ್ಲಿ ವಿಮಾನ, ಕೆಳಗೆ 'ಶುಭ ಪ್ರಯಾಣ'. ಮೂಲೆಯಲ್ಲಿ ಅವೇ ಎರಡು ಹೂವು, ನಡುವೆ 786.

"ಇದನ್ನ್ಯಾಕ ಅರ್ಧಕ್ಕ ಬಿಟ್ಟಿ?"

ಖಾದರ ಮೇಜಿಗೆ ಅಡ್ಡ ಬಂದು ನಿಂತ. ಮೋದಿನಸಾಬ ಮೇಜಿನ ಖಾನೆ ಎಳೆದರು. ಒಳಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಜೋಪಾನವಾಗಿ ಸುತ್ತಿಟ್ಟ ಪಾಸ್‌ಪೋರ್ಟ್ ಇತ್ತು. ಖಾದರನದೇ. ಅವಧಿ ಮುಗಿಯಲು ಬಂದಿತ್ತು. ಪೂಜಾ ಪುಟ ತಿರುಗಿಸಿದರು. ಯಾವ ದೇಶದ ಮುದ್ರೆಯ ಠಸ್ಸೆಯೂ ಇರಲಿಲ್ಲ.

"ಅಪ್ಪ ಫಕೀರಸಾಬ ಇದ್ದಾಗ ಮಾಡಿಸಿದ್ರಿ, ದುಬೈಗೆ ಹೋಗಾಕ," ಎಂದ ಖಾದರ. "ಅಪ್ಪ ಹ್ವಾದ, ಅಂಗಡಿ ನನ್ನ ಕೊರಳಿಗೆ ಬಿತ್ತು. ಹಜ್‌ಗೆ ಹೋಗಾವರು, ಸೌದಿಗೆ ಹೋಗಾವರು, ಊರಿಂದ ಯಾರು ಹೊಂಟ್ರೂ ಬ್ಯಾನರ್ ನಾನ ಮಾಡ್ತೀನ್ರಿ. ಎಲ್ಲಾರನೂ ನಕ್ಕೋತ ಕಳಿಸೀನಿ. ತಂಗೀದೂ ಮಾಡು ಅಂದ್ಲು ಅಮ್ಮ. ವಿಮಾನದ ಮಗ್ಗಲಕ ಆಕೀ ಫೋಟೊ ಕುಂದ್ರಸಬೇಕಾದ್ರ... ಆಗಲಿಲ್ರಿ. ಕೈ ಬರಲಿಲ್ಲ."

"ಆ ಪತ್ರಕ್ಕ ಕೈ ಬಂತು?"

"ಬಂತ್ರಿ," ಎಂದ ಅವನು.

ಸಾಕ್ಷ್ಯ ಅಳಿಸಿದ್ದರಿಂದ ಅಂದೇ ಅವನನ್ನು ಬಂಧಿಸಲಾಯಿತು. ಹೇಳಿಕೆಗೆ ಸಹಿ ಮಾಡಲು ನಾಹೀದ ಠಾಣೆಗೆ ಬಂದಾಗ ಅವನು ಒಳಗೆ ಬೆಂಚಿನ ಮೇಲೆ ಕೂತಿದ್ದ. ಕ್ಷಮೆ ಕೇಳುತ್ತಾನೆಂದು ಮೋದಿನಸಾಬ ದೂರ ಸರಿದು ನಿಂತರು. ಅವನು ಕೇಳಿದ್ದೇ ಬೇರೆ.

"ನಾಹೀದ, ಅಲ್ಲಿ ಇಳದ ಮ್ಯಾಲ ಠಸ್ಸಿ ಹೊಡೀತಾರಲ್ಲ... ಬಂದ ಮ್ಯಾಲ ಒಂದ್ ಸಲ ತೋರಸ್ತೀಯೇನು?"

ಸಹಿ ಮಾಡಿ ಮುಗಿಸಿದ ಮೇಲೆಯೇ ಅವಳು ತಲೆ ಎತ್ತಿದ್ದು.

"ತೋರಸ್ತೇನಿ ಭಾಯಿ. ಜೇಲಿನ್ಯಾಗಿದ್ರ ಜೇಲಿಗೆ ಬಂದು ತೋರಸ್ತೇನಿ. ಕೇಸ್ ಮಾತ್ರ ಹಿಂದ ತಗೋಳಂಗಿಲ್ಲ."